ಐದನೆಯ ಸುತ್ತು

ಒಂದಾನೊಂದು ಕಾಲದಲ್ಲಿ ಒಬ್ಬ ರಾಜಕುಮಾರಿಯ ಹತ್ತಿರ ಒಂದು ಕುದುರೆಯಿತ್ತು.

(ಬೇಡ. ಕುದುರೆ ಅಂದ ಕೂಡಲೇ ನೀವು ಅದಕ್ಕೆ ಬಿಳಿ ಬಣ್ಣ ಬಳಿದುಬಿಡುತ್ತೀರಿ. ಹೊಡೆದುಹಾಕಿದೆ.)

ಒಂದಾನೊಂದು ಶನಿವಾರ, ಕನ್ನಡಕದಂಗಡಿಯ ಹಿಂಬದಿ ಕೋಣೆಯಲ್ಲಿ ಗಾಜು ಉಜ್ಜುವ ಒಬ್ಬಳಿಗೆ ಅವಳ ಅಕ್ಕ ತನ್ನ ರೇಸ್ ಸೈಕಲ್ಲು ಕೊಟ್ಟಳು. ಅಕ್ಕನ ಮಂಡಿ ಕೈಕೊಟ್ಟಿತ್ತು. (ಮಂಡಿ ಹೇಗೆ ಕೈ ಕೊಡುತ್ತದೆ ಎಂದು ಕೇಳಬೇಡಿ, ಕಥೆ ನಿಂತುಹೋಗುತ್ತದೆ.) ಷರತ್ತು ಒಂದೇ: ಈ ಸೀಸನ್ನಿನ ಏಳು ರೇಸುಗಳಲ್ಲಿ ಒಂದರಲ್ಲಾದರೂ ಐದಕ್ಕೆ ಐದೂ ಸುತ್ತು ಮುಗಿಸಿದರೆ ಸೈಕಲ್ಲು ತಂಗಿಯದು, ಇಲ್ಲವಾದರೆ ಮಾರಿಬಿಡುವುದು. ಮುಗಿಸಿಯೇ ತೀರುತ್ತೇನೆಂದು ತಂಗಿ ಮಾತು ಕೊಟ್ಟಳು.

ನನ್ನ ಅಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟುತ್ತಿರಬೇಕಿತ್ತು. ನಿಲ್ಲಿಸಿದರೆ ರಾಜಕುಮಾರ ಎತ್ತಿದ ಕಾಲು ಇಳಿಸದೆ ಕಾಡಿನ ನಡುವೆಯೇ ನಿಂತಿರುತ್ತಿದ್ದ. ನೀವೂ ಹೂಂಗುಟ್ಟಿ. ಇವಳು ಕೆಸರಿನಲ್ಲಿದ್ದಾಳೆ.

೨. ಈ ರೇಸಿನ ಹೆಸರು ಸೈಕ್ಲೋಕ್ರಾಸ್. ಹಾಗಂದರೇನೆಂದು ಮೂರು ಪುಟ ಬರೆದು ಹರಿದೆ. ಇಷ್ಟೇ: ಸ್ವಲ್ಪ ದೂರ ನೀವು ಸೈಕಲ್ಲಿನ ಮೇಲೆ, ಇನ್ನು ಸ್ವಲ್ಪ ದೂರ ಸೈಕಲ್ಲು ನಿಮ್ಮ ಮೇಲೆ. ಕೆಸರು, ಮರಳು, ಜಾರುವ ದಿಬ್ಬ. ದಾರಿಗೆ ಅಡ್ಡ ಹಲಗೆ ಬಂದರೆ ಇಳಿದು, ಸೈಕಲ್ಲು ಹೆಗಲಿಗೇರಿಸಿ, ಹಾರಿ ಓಡಬೇಕು. ಎಲ್ಲರಿಗಿಂತ ಮುಂದಿರುವವಳು ಒಂದು ಸುತ್ತು ಹೆಚ್ಚು ಹೊಡೆದು ನಿಮ್ಮನ್ನು ದಾಟಿದಳೋ, ತೀರ್ಪುಗಾರರು ನಿಮಗೆ ಕೆಂಪು ಬಾವುಟ ಬೀಸುತ್ತಾರೆ. ಅಲ್ಲಿಗೆ ನೀವು ಮನೆಗೆ.

ಆರು ರೇಸು. ಆರು ಬಾವುಟ. ಎಲ್ಲವೂ ನಾಲ್ಕನೆಯ ಸುತ್ತಿನ ಕೊನೆಗೆ.

೩. ಆರನೆಯದರ ನಂತರ ಪೈಪಿನ ನೀರಿನಲ್ಲಿ ಸೈಕಲ್ಲು ತೊಳೆಯುತ್ತಾ ಅಕ್ಕ ಅಂದಳು: "ನೀನು ಕಾಲಿಂದ ಸೋಲ್ತಿಲ್ಲ ಕಣೇ. ಕನ್ನಡಕದಿಂದ."

ನಿಜ. ಪ್ರತಿ ಸುತ್ತಿನಲ್ಲೂ ಹಲಗೆ ದಾಟಿದ ಮೇಲೆ ಇವಳು ನಿಂತು, ಕೆಸರು ಸಿಡಿದ ತನ್ನ ಕನ್ನಡಕ ತೆಗೆದು, ಗಾಜಿಗೆ ಉಸಿರು ಊದಿ, ಎರಡೂ ಬದಿ ಒರೆಸಿ, ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಹನ್ನೊಂದು ವರ್ಷದ ಅಂಗಡಿಯ ಅಭ್ಯಾಸ. ಕೊಳೆ ಗಾಜು ಕಂಡರೆ ಕೈ ಸುಮ್ಮನಿರದು.

೪. (ಇಲ್ಲೊಂದು ಪ್ರೇಮಕಥೆಯಿತ್ತು. ಪಂಕ್ಚರ್ ಆಯಿತು.)

೫. ಏಳನೆಯ ರೇಸಿನಲ್ಲಿ ನಾನು ಅವಳನ್ನು ಗೆಲ್ಲಿಸಿದೆ. ಅವಳು ಪುಟದ ನಡುವೆಯೇ ಬ್ರೇಕ್ ಹಾಕಿದಳು.

"ಮುಂದಿದ್ದ ಹದಿನೆಂಟು ಜನ ಏನಾದ್ರು? ಬಾವಿಗೆ ಬಿದ್ರಾ?"

ಸರಿ, ಹಾಗಾದರೆ ಅವಳೇ ಬೀಳಲಿ, ಅಕ್ಕ ಅತ್ತು ಸೈಕಲ್ಲು ಕೊಟ್ಟುಬಿಡಲಿ ಎಂದೆ.

"ಅಯ್ಯೋ ಪಾಪ ಅಂತ ಕೊಟ್ರೆ ನನಗೆ ಬೇಡ. ನೀವು ದಾರಿ ಬಿಡಿ, ಸಾಕು."

ಬಿಟ್ಟೆ.

ಮೊದಲ ಹಲಗೆ ದಾಟುತ್ತಲೇ ಅವಳು ಕನ್ನಡಕ ಕಿತ್ತು ಜೇಬಿಗೆ ತುರುಕಿದಳು. ಲೋಕ ಕರಗಿ ಬಣ್ಣವಾಯಿತು. ದಿಬ್ಬ ತೊಡೆಗೆ ತಿಳಿಯಿತು, ಮರಳು ಕಿವಿಗೆ. ಆದರೂ ನಾಲ್ಕನೆಯ ಸುತ್ತಿನ ಕೊನೆಗೆ ಎಲ್ಲರಿಗಿಂತ ಮುಂದಿದ್ದವಳು ಇವಳನ್ನು ದಾಟಿಯೇಬಿಟ್ಟಳು, ಬಾವುಟ ಎದ್ದಿತು. ಮೈಕಿನಲ್ಲಿ ಗೆದ್ದವಳ ಹೆಸರು ಮೊಳಗುತ್ತಿದ್ದುದರಿಂದ ತೀರ್ಪುಗಾರರ ಸೀಟಿ ಯಾರಿಗೂ ಕೇಳಿಸಲಿಲ್ಲ. ಇವಳು ಬಾವುಟದ ಕೆಳಗೇ ನುಗ್ಗಿ ಹೋದಳು.

(ಕಾಣಿಸಲಿಲ್ಲವೋ, ಕಂಡೂ ಹೋದಳೋ? ಎರಡನ್ನೂ ಬರೆದಿಟ್ಟಿದ್ದೇನೆ. ಕೇಳಿದ್ದಕ್ಕೆ, "ಬರೆಯೋರು ನೀವು, ತುಳಿಯೋಳು ನಾನು" ಅಂದಳು.)

ಐದನೆಯ ಸುತ್ತಿಗೆ ಮೈದಾನವೇ ಕರಗುತ್ತಿತ್ತು. ಗೂಟ ಕೀಳುತ್ತಿದ್ದರು. ದಾರಿಯ ಗುರುತಿಗೆ ಕಟ್ಟಿದ್ದ ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಿದ್ದವನು ರೇಸು ಮುಗಿದಿದೆ ಎಂದು ತಿಳಿಹೇಳಿದ.

"ನಂದು ಮುಗ್ದಿಲ್ಲಣ್ಣ."

ಅಡ್ಡ ಹಲಗೆಗಳು ಆಗಲೇ ಲಾರಿ ಹತ್ತಿದ್ದವು. ಅವು ಇದ್ದ ಜಾಗದಲ್ಲಿ ಅವಳು ಇಳಿದಳು, ಸೈಕಲ್ಲು ಹೆಗಲಿಗೇರಿಸಿದಳು, ಇಲ್ಲದ ಹಲಗೆಯನ್ನು ಹಾರಿದಳು. ಎರಡನೆಯದನ್ನೂ. ಪಟ್ಟಿಯವನು ಸುತ್ತುವುದನ್ನು ನಿಲ್ಲಿಸಿದ.

ಮುಗಿಯುವ ಗೆರೆಯೂ ಇರಲಿಲ್ಲ. ಅಲ್ಲಿ ಗಾಳಿ ತುಂಬಿ ನಿಲ್ಲಿಸಿದ್ದ ಕಮಾನನ್ನೂ ಗಾಳಿ ಬಿಟ್ಟು ಮಡಚಿದ್ದರು. ಅಕ್ಕ ಕುಂಟುತ್ತಾ ಬಂದು, ಮಂಡಿ ಕೆಟ್ಟ ಕಾಲಿನ ಹಿಮ್ಮಡಿಯಿಂದಲೇ ಕೆಸರಿನಲ್ಲಿ ಉದ್ದಕ್ಕೊಂದು ಗೆರೆ ಎಳೆದಳು.

ನಾಳೆ ಫಲಿತಾಂಶದ ಹಾಳೆಯಲ್ಲಿ ನಾಲ್ಕು ಎಂದೇ ಇರುತ್ತದೆ. ಅದನ್ನು ತಿದ್ದುವ ಅಧಿಕಾರ ನನಗಿದೆ, ತಿದ್ದುವುದಿಲ್ಲ. ಬಾವುಟದ ವಿಷಯ ನಿಮ್ಮ ಪಾಲಿಗೆ ಬಿಟ್ಟೆ. ಹೂಂಗುಟ್ಟುವುದನ್ನು ಮಾತ್ರ ಈಗ ನಿಲ್ಲಿಸಬೇಡಿ, ಅವಳ ಮುಂದಿನ ಚಕ್ರ ಗೆರೆಯ ಮೇಲಿದೆ.

ಹಿಂದಿನದೂ ದಾಟಿತು.

"ಐದು," ಅಂದಳು ಅಕ್ಕ.