ಸುಳ್ಳು ಕಿಟಕಿಯ ಒಳಬದಿ

ಎಲ್ಲಿಂದ ಶುರು ಮಾಡಲಿ? ಬೀದಿಯಿಂದಲೋ, ಹಾಸಿಗೆಯಿಂದಲೋ?

೧

ಬೀದಿಯಿಂದಲೇ ಆಗಲಿ. ಸ್ಟ್ಯಾಮ್‌ಫರ್ಡ್ ಎಂಬ ಇಂಗ್ಲಿಷ್ ಊರಿನ ಒಂದು ಕಲ್ಲಿನ ಮನೆಗೆ ಮೇಲಂತಸ್ತಿನಲ್ಲಿ ಐದು ಕಿಟಕಿ. ತುದಿಯದು ಸುಳ್ಳು. ಕಲ್ಲಿನ ಚೌಕಟ್ಟು ನಿಜ. ಕಪ್ಪು ಗಾಜು, ಬಿಳಿ ಪಟ್ಟಿ ಎಲ್ಲ ಬರೀ ಬಣ್ಣ. ಹೋದ ವಸಂತದಲ್ಲಿ ಆ ಪಟ್ಟಿಗೆ ಬಿಳಿ ಬಳಿಯುತ್ತಿದ್ದಾಗಲೇ ಮನೆಯ ಯಜಮಾನ ಆಂಬ್ರೋಸ್ ಏಣಿಯಿಂದ ಬಿದ್ದದ್ದು. ಈಗ ಅದೇ ಗೋಡೆಯ ಒಳಬದಿಯಲ್ಲಿ ಮಲಗಿದ್ದಾನೆ. ಇನ್ನು ಏಳುವುದಿಲ್ಲ. ಕೋಣೆಯ ಇನ್ನೊಂದು ಕಿಟಕಿ ಕಾಣಿಸುವುದು ಹಿತ್ತಲಿನ ಗೋಡೆಯನ್ನು.

(ಮೊದಲ ಕರಡಿನಲ್ಲಿ ಅವನನ್ನು ಸಾಯಿಸಿದ್ದೆ. ಅವನ ಹೆಂಡತಿ ಹೆಸ್ಟರ್ ಒಪ್ಪಲಿಲ್ಲ.)

೨

"ಹಿಂದೆ ಕಿಟಕಿಗೆ ತೆರಿಗೆ ಇತ್ತಲ್ಲ, ಅದಕ್ಕೇ ಮುಚ್ಚಿರ್ತಾರೆ" ಎಂದಳು ಹೆಸ್ಟರ್. ಊರೆಲ್ಲ ಹೇಳುವುದೂ ಅದನ್ನೇ. "ಒಡೆದ್ರೆ ನಿಂಗೆ ಶುಕ್ರವಾರದ ಸಂತೆ ಪೂರ್ತಿ ಕಾಣುತ್ತೆ."

"ನಿಂಗೆ ಹುಚ್ಚು ಮಾರಾಯ್ತಿ."

"ಹುಚ್ಚು ಯಾರಿಗೋ! ಇಲ್ಲದ ಗಾಜಿಗೆ ವರ್ಷಾ ವರ್ಷಾ ಬಣ್ಣ ಹೊಡೀತಿದ್ದೋರು ಯಾರು?"

ಹಳೆಯ ಮನೆಯ ಗೋಡೆ, ಕೇಳದೆ ಮುಟ್ಟುವಂತಿಲ್ಲ. ಒಳಗಿನಿಂದ ಕೆದಕಿ ನೋಡಲು ನಗರಸಭೆಯ ಒಪ್ಪಿಗೆ ಬಂದ ಶುಕ್ರವಾರವೇ ಅವಳು ಉಳಿ ಹಿಡಿದಳು. ಗಾರೆ ಉದುರಿತು. ನಾನೂ ಬಗ್ಗಿ ನೋಡಿದೆ: ಇನ್ನೇನು ಬೆಳಕು! ಒಂದು ಇಟ್ಟಿಗೆ ಕಿತ್ತಳು.

ಮಸಿ.

ಕೈತುಂಬ ಮಸಿ. ಅಲ್ಲಿ ಎಂದೂ ಕಿಟಕಿ ಇರಲೇ ಇಲ್ಲ. ಇದ್ದದ್ದು ಎಂದೋ ತಣ್ಣಗಾದ ಹೊಗೆಗೂಡು. ಬೀದಿಯವರ ಕಣ್ಣಿಗೆ ಸಾಲು ಸರಿಯಾಗಲೆಂದು, ಕಟ್ಟಿದವರು ಅದರ ಮುಂದೆ ಚೌಕಟ್ಟು ಕೆತ್ತಿಟ್ಟಿದ್ದರು, ಅಷ್ಟೆ.

೩

(ಇಲ್ಲಿ ಎರಡು ಅಂತ್ಯ ಬರೆದಿದ್ದೆ. ಒಂದರಲ್ಲಿ ಹೆಸ್ಟರ್ ಕುಸಿದು ಅಳುತ್ತಾಳೆ. ಇನ್ನೊಂದರಲ್ಲಿ ಒಳಗೋಡೆಗೆ ಅವಳೇ ಸಂತೆಯ ಚಿತ್ರ ಬರೆಯುತ್ತಾಳೆ. "ಥೂ, ಇನ್ನೊಂದು ಸುಳ್ಳು ಕಿಟಕಿನಾ?" ಎಂದು ಹೆಸ್ಟರ್ ನನ್ನನ್ನೇ ಬೈದಳು. ಎರಡನ್ನೂ ಹರಿದೆ.)

ಅವಳು ಮಸಿಗೈಯಲ್ಲೇ ನಿಂತಿದ್ದಳು. ನಾನೂ ಸುಮ್ಮನಿದ್ದೆ. ಆ ಮೌನಕ್ಕೆ, ಗೂಡಿನೊಳಗಿಂದ, ಮೇಲಿನ ಗಾಳಿಯ ಜೊತೆ ಸಂತೆಯ ತರಕಾರಿಯವನ ದನಿ ಇಳಿದು ಬಂತು:

"ಕೋಸು ನೋಡಿ ಅಮ್ಮಾ! ನಿಮ್ಮ ಯಜಮಾನರ ತಲೆಗಿಂತ ಗಟ್ಟಿ!"

"ಅದಕ್ಕಿಂತ ಗಟ್ಟಿದು ದೇವ್ರೂ ಮಾಡಿಲ್ಲಪ್ಪಾ! ಬೆಲೆ ಇಳಿಸು!" ಇದು ಒಬ್ಬ ಹೆಂಗಸಿನ ದನಿ.

ಆಂಬ್ರೋಸ್ ನಕ್ಕ. ಬಿದ್ದ ಮೇಲೆ ಇದೇ ಮೊದಲು.

"ಹೆಸ್ಟರ್, ಇನ್ನೊಂದು ಇಟ್ಟಿಗೆ ತೆಗಿಯೇ. ಅವಳು ತಗೊಂಡ್ಳಾ?"

ಒಪ್ಪಿಗೆ ಇದ್ದದ್ದು ಕೆದಕಿ ನೋಡಲು ಮಾತ್ರ, ನೋಡಿ ಮುಚ್ಚಬೇಕು. ಹೆಸ್ಟರ್ ಒಮ್ಮೆ ಗೋಡೆಯನ್ನು, ಒಮ್ಮೆ ಅವನ ಮುಖವನ್ನು ನೋಡಿ ಮತ್ತೆ ಉಳಿ ಎತ್ತಿದಳು.

ಓದುಗರೇ, ಆ ಹೆಂಗಸು ಕೋಸು ಕೊಂಡಳು ಎಂದು ಬರೆಯಬಹುದು. ಕೊಳ್ಳದೆ ಮುಂದಿನ ಅಂಗಡಿಗೆ ನಡೆದಳು ಎಂದೂ ಬರೆಯಬಹುದು. ಆಮೇಲೆ ಇಟ್ಟಿಗೆ ಮತ್ತೆ ಕೂತು, ಗಾರೆ ಮೆತ್ತಿ, ಕಥೆ

"ಶ್!" ಎಂದ ಆಂಬ್ರೋಸ್, ನನ್ನ ಕಡೆ ತಿರುಗಿ. "ಸ್ವಲ್ಪ ಬಾಯ್ಮುಚ್ಚಯ್ಯ. ಏನೂ ಕೇಳಿಸ್ತಿಲ್ಲ."