ಹೆಲಿಪ್ಯಾಡಿನ ಮೇಲಿನ ಬಂಗಡೆ

ಏಷ್ಯಾದ ಆರೇಳು ದೇಶಗಳ ಪ್ರತಿನಿಧಿಗಳು ಕರಾವಳಿಯ ಅಭಿವೃದ್ಧಿ ನೋಡಲು ಹೊನ್ನಾವರದ ಬಳಿಯ ಮಂಕಿ ಎಂಬ ಊರಿಗೆ ಬರುತ್ತಾರೆಂದು ಸುದ್ದಿಯಾಯಿತು. ನೋಡುವವರು ಇಳಿಯಲು ಜಾಗ ಬೇಕಲ್ಲ, ಹಾಗಾಗಿ ಅಭಿವೃದ್ಧಿಗಿಂತ ಮೊದಲು ಹೆಲಿಪ್ಯಾಡ್ ಬಂತು. ಒಂದೇ ವಾರದಲ್ಲಿ ನುಣ್ಣನೆಯ ಕಾಂಕ್ರೀಟು.

ಅದನ್ನು ಕಂಡು ಒಣಮೀನು ಮಾರುವ ಮಾದೇವಿಗೆ ಮೈಯೆಲ್ಲ ಉರಿಯಿತು. ಮೀನು ಒಣಗಿಸಲು ಇಂಥದೇ ಒಂದು ಕಣ ಮಾಡಿಸಿಕೊಡಿ ಎಂದು ಅವಳು ವರ್ಷಗಟ್ಟಲೆ ಪಂಚಾಯ್ತಿಗೆ ಅಲೆದಿದ್ದಳು. ಮರಳಲ್ಲಿ ಒಣಗಿಸಿದ ಮೀನು ಬಾಯಲ್ಲಿ ಕರಕರ ಅನ್ನುತ್ತದೆ, ಈ ಸಲವೂ ಹಾಗೇ ತಂದರೆ ಕೊಳ್ಳುವುದಿಲ್ಲ ಎಂದು ಭಟ್ಕಳದ ವ್ಯಾಪಾರಿ ಖಡಾಖಂಡಿತ ಹೇಳಿದ್ದ. ಪಂಚಾಯ್ತಿ ಅಧ್ಯಕ್ಷ ದುರ್ಗಪ್ಪ ಅವಳ ಸ್ವಂತ ಮೈದುನ. ಪ್ರತಿಸಲ ಅನುದಾನವಿಲ್ಲವೆಂದು ಹೇಳಿ, ಚಹಾ ಕುಡಿಸಿ ಕಳಿಸುತ್ತಿದ್ದ.

ಸಿದ್ಧತೆಗೆಂದು ಎರಡು ದಿನ ಹೊನ್ನಾವರದಲ್ಲೇ ಉಳಿದಿದ್ದ ದುರ್ಗಪ್ಪ ಅತಿಥಿಗಳು ಬರುವ ದಿನ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಬಂದು ನೋಡುತ್ತಾನೆ, ಹೆಲಿಪ್ಯಾಡ್ ತುಂಬ ಒಣಹಾಕಿದ ಬಂಗಡೆ ಮೀನು.

"ಅತ್ತಿಗೆ, ಇದೆಂತ ಮಾಡಿದ್ರಿ? ಈಗ ಹೆಲಿಕಾಪ್ಟರ್ ಬತ್ತದೆ."

"ಬರ್ಲಿ. ಇನ್ನೊಂದು ಬಿಸಿಲು ಬೇಕು, ಆಮೇಲೆ ತೆಗಿತೆ."

ಹೆಲಿಕಾಪ್ಟರ್ ಬಂತು. ಆದರೆ ಊರಿನ ಹದ್ದು, ಕಾಗೆಗಳೆಲ್ಲ ಅದಕ್ಕಿಂತ ಮೊದಲೇ ಬಂದು ಆಕಾಶ ಹಿಡಿದಿದ್ದವು. ಪೈಲಟ್ ಹೆದರಿ ಹೊನ್ನಾವರದ ಕಡೆ ತಿರುಗಿಸಿದ. ಬ್ಯಾಂಡಿನವರು ಸಂಭಾವನೆ ತೆಗೆದುಕೊಂಡಾಗಿತ್ತು, ಹದ್ದುಗಳಿಗೇ ಸ್ವಾಗತಗೀತೆ ನುಡಿಸಿದರು.

ಕೊನೆಗೆ ಅತಿಥಿಗಳು ವ್ಯಾನಿನಲ್ಲಿ ಬಂದರು. ದುರ್ಗಪ್ಪ ಅವರನ್ನು ಚಪ್ಪರಕ್ಕೆ ಕರೆದೊಯ್ಯಲು ಪರದಾಡಿದ. ಶ್ರೀಲಂಕಾದವರು ಗಾಳಿಯಲ್ಲಿ ಮೂಗರಳಿಸಿ ಸೀದಾ ಮೀನಿನ ಕಡೆ ನಡೆದರು. ವಿಯೆಟ್ನಾಮಿನ ಹೆಂಗಸು ಕುಕ್ಕರಗಾಲಲ್ಲಿ ಕೂತು ಒಂದು ಬಂಗಡೆ ಮುರಿದು ಬಾಯಿಗಿಟ್ಟರು. ನಮ್ಮಲ್ಲಿ ಇದಕ್ಕಿಂತ ರುಚಿ ಎಂದು ಇಂಡೋನೇಷ್ಯಾದವರು ತಗಾದೆ ತೆಗೆದರು. ಇಲ್ಲಿಗೆ ಬರುವ ಮೊದಲು ನಡೆದ ಎರಡು ದಿನದ ಸಭೆಯಲ್ಲಿ ಯಾವುದಕ್ಕೂ ಒಪ್ಪದ ದೇಶಗಳು ಇದರಲ್ಲಿ ಮರಳಿಲ್ಲ ಎಂಬುದಕ್ಕೆ ಮಾತ್ರ ಒಟ್ಟಾಗಿ ತಲೆಯಾಡಿಸಿದವು.

"ಇಷ್ಟು ಒಳ್ಳೆಯ ಕಣ ಕಟ್ಟಿಸಿದ್ದು ಯಾರು ಅಂತ ಕೇಳ್ತಿದ್ದಾರೆ," ಎಂದ ದುಭಾಷಿ.

ಕ್ಯಾಮೆರಾಗಳೆಲ್ಲ ದುರ್ಗಪ್ಪನತ್ತ ತಿರುಗಿದವು. ಬರುವ ವರ್ಷ ಚುನಾವಣೆ. ಅವನು ಇಸ್ತ್ರಿ ಅಂಗಿಯ ಕಾಲರು ಸರಿಮಾಡಿಕೊಂಡ.

"ನಾವೇ ಕಟ್ಸಿದ್ದು. ನಮ್ಮೂರ ಹೆಂಗಸ್ರಿಗೆ."

ಚಪ್ಪಾಳೆ ಬಿತ್ತು. ಮಾದೇವಿಯೇ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಅವಳಿಗೆ ನಗುವೂ ಬಂತು, ಕಣ್ಣೂ ತುಂಬಿತು.

"ಆತು ದುರ್ಗಪ್ಪ," ಎಂದಳು, ಎಲ್ಲರಿಗೂ ಕೇಳುವಂತೆ. "ಹಂಗಾರೆ ನಾಳೆ ಬೆಳಿಗ್ಗೆ ಎಲ್ಲಾ ಹೆಂಗಸ್ರಿಗೂ ಮೀನು ತಕಂಡು ಬರೂಕೆ ಹೇಳ್ತೆ."