ಸ್ಪ್ರಿಂಗು ಹಾಕಿದ ಕತ್ತರಿ

ಗಲಗಲಿಯ ಗಿರಮಲ್ಲಪ್ಪನಿಗೆ ಲಕ್ವಾ ಹೊಡೆದು ಏಳು ತಿಂಗಳಾಗಿತ್ತು. ಕಾಲು ಬಂತು, ಮಾತು ಬಂತು, ಮಾತಿನ ಬೆನ್ನಿಗೇ ಸಿಟ್ಟೂ ಬಂತು. ಬರದೆ ಉಳಿದದ್ದು ಬಲಗೈ ಒಂದೇ. ಮೂವತ್ತು ವರ್ಷ ಕುರಿಯ ಉಣ್ಣೆ ಕತ್ತರಿಸಿದ ಕೈ ಅದು. ಈಗ ಅಂಗಿಯ ಗುಂಡಿ ಹಾಕುವುದಕ್ಕೂ ಹೆಂಡತಿ ಸಿದ್ದಕ್ಕನನ್ನು ಕೂಗಬೇಕು.

ಕೂಗುವುದಕ್ಕೆ ಅವನಿಗೇನೂ ನಾಚಿಕೆಯಿರಲಿಲ್ಲ. ನಾಚಿಕೆ ಇದ್ದದ್ದು ಮುಯ್ಯಿ ಬಾಕಿ ಉಳಿದದ್ದಕ್ಕೆ. ಉಣ್ಣೆ ಕತ್ತರಿಸುವ ಕಾಲಕ್ಕೆ ಐದು ಮನೆಯವರು ಒಬ್ಬರ ಹಿಂಡಿಗೆ ಇನ್ನೊಬ್ಬರು ಹೋಗಿ ಕೈ ಹಚ್ಚುವುದು ಅಲ್ಲಿಯ ರೂಢಿ. ಕಳೆದ ಸಲ ಅವನು ಹಾಸಿಗೆ ಹಿಡಿದಿದ್ದಾಗ ಉಳಿದ ನಾಲ್ವರೇ ಬಂದು ಅವನ ಕುರಿಗಳನ್ನೆಲ್ಲ ಬೋಳಿಸಿ ಹೋಗಿದ್ದರು. ಈ ಸಲದ ಮೊದಲ ಸರದಿ ಆ ನಾಲ್ವರಲ್ಲೊಬ್ಬನಾದ ಗುರುಪಾದನ ಹಿಂಡಿನದು.

"ನಿಮ್ಮ ಬದ್ಲಿ ನಾ ಹೋಗ್ತೇನಿ" ಎಂದ ಮಗ ಶಶಿಕಾಂತ.

"ಒಮ್ಮೆ ನೀ ಹೋದ್ರ ಮುಗೀತು, ಆ ಜಾಗಾ ನಿಂದ ಆಕ್ಕೈತಿ. ನಾ ಇನ್ನೂ ಸತ್ತಿಲ್ಲ."

ಹೀಗೆಂದವನೇ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು, ಸಿದ್ದಕ್ಕನ ಜೊತೆ ಬೀಳಗಿಯ ಬಸ್ಸು ಹತ್ತಿ ಕಮ್ಮಾರ ಮಹಾಲಿಂಗನ ಅಂಗಡಿಗೆ ಬಂದ. ಲಕ್ವಾ ಎಂದರೆ ಹಿಡಿತವಿಲ್ಲ ಎಂದು ಮಹಾಲಿಂಗ ತನ್ನಷ್ಟಕ್ಕೆ ತಾನೇ ತಿಳಿದುಕೊಂಡ. ಹಿಡಿಕೆಗೆ ಸೈಕಲ್ ಟ್ಯೂಬು ಸುತ್ತಿ ದಪ್ಪ ಮಾಡಿಕೊಟ್ಟ. ಗಿರಮಲ್ಲಪ್ಪ ಒತ್ತಿದ, ಕತ್ತರಿ ಮುಚ್ಚಿಕೊಂಡಿತು, ಮುಚ್ಚಿದ್ದು ಮತ್ತೆ ತೆರೆಯಲೇ ಇಲ್ಲ. ಮಹಾಲಿಂಗ ಇನ್ನಷ್ಟು ಟ್ಯೂಬು ಸುತ್ತಿದ. ಮೂರನೆಯ ಸಲ ಸುತ್ತುವಾಗ ಸಿದ್ದಕ್ಕನ ತಾಳ್ಮೆ ಮುಗಿಯಿತು.

"ಹಿಡಿಯೂದಕ್ಕೇನೂ ಕಮ್ಮಿ ಇಲ್ರಿ ಅಣ್ಣಾರ. ಚಾ ಕುಡದ ಮ್ಯಾಲ ಇವ್ರ ಕೈಯಾಗಿನ ಕಪ್ಪು ಬಿಡಸಾಕ ನಾ ಬೇಕು. ಇವ್ರಿಗೆ ಬಿಡೂದು ಬರವಲ್ದು."

"ಮೊದಲ ಹೇಳಬಾರ್ದೇನ್ರಿ ಅಕ್ಕಾರ?"

"ನೀವು ಕತ್ತರಿ ನೋಡಿದ್ರಿ. ಕೈ ಎಲ್ಲಿ ನೋಡಿದ್ರಿ?"

ಮಹಾಲಿಂಗ ಆಗ ಕೈ ನೋಡಿದ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ತಾವಾಗಿಯೇ ಮಡಚಿಕೊಳ್ಳುವುದನ್ನು ಕಂಡ. ಗುಜರಿಯ ರಾಶಿಯಿಂದ ಸೈಕಲ್ ಸೀಟಿನ ಸ್ಪ್ರಿಂಗೊಂದನ್ನು ಹುಡುಕಿ ಎರಡು ಹಿಡಿಕೆಗಳ ನಡುವೆ ಕೂರಿಸಿದ. ಅದು ಗಟ್ಟಿಯಾಯಿತು, ನಾಲ್ಕು ಸಲ ಒತ್ತುವಷ್ಟರಲ್ಲಿ ಗಿರಮಲ್ಲಪ್ಪ ಬೆವೆತ. ಮೆತ್ತನೆಯದು ಸಿಗುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ನಾಲ್ಕೂ ಬೆರಳು ಹಿಡಿಯುವಂತೆ ಹಿಡಿಕೆಯ ಬಳೆ ಅಗಲ ಮಾಡಿ, ಜಾರದಂತೆ ಮುಂಗೈಗೆ ಚರ್ಮದ ಪಟ್ಟಿ ಕಟ್ಟಿದ. ಈಗ ಒತ್ತಿದರೆ ಮುಚ್ಚುತ್ತಿತ್ತು, ಕೈ ಸ್ವಲ್ಪ ಸಡಿಲಾದರೆ ಸ್ಪ್ರಿಂಗು ಬೆರಳುಗಳನ್ನೂ ಎಳೆದುಕೊಂಡು ತೆರೆಯುತ್ತಿತ್ತು. ಮೂರು ವಾರ ಮನೆಯ ಹಳೆಯ ಕಂಬಳಿಯ ಮೇಲೆ ಅಭ್ಯಾಸ ನಡೆಯಿತು. ಕಂಬಳಿ ಅಷ್ಟಕ್ಕೇ ಮುಗಿಯಿತು.

ಗುರುಪಾದನ ಕುರಿಗಳನ್ನು ಹಿಂದಿನ ದಿನವೇ ಹೊಳೆಯಲ್ಲಿ ತೊಳೆದಿದ್ದರು. ಗಿರಮಲ್ಲಪ್ಪ ಹೋಗಿ ಕೂತಾಗ, ಕಾಲು ಕಟ್ಟಿ ಅವನ ಮುಂದೆ ಮಲಗಿಸಿದ್ದು ಹಲ್ಲು ಉದುರಿದ ಒಂದು ಮುದಿ ಕುರಿಯನ್ನು. ಮೈಮೇಲೆ ಉಣ್ಣೆಯೇ ಇಲ್ಲ. ಅದು ಕನಿಕರವೆಂದು ಅವನಿಗೆ ತಿಳಿಯದ್ದಲ್ಲ. ತುಟಿ ಕಚ್ಚಿಕೊಂಡು ಅದನ್ನು ಮುಗಿಸಿದ. ಅಷ್ಟರಲ್ಲಿ ಪಕ್ಕದ ಧರ್ಮರಾಜ ತನ್ನ ನಾಲ್ಕನೆಯ ಕುರಿಯ ಚರ್ಮ ಗೀರಿ ರಕ್ತ ತರಿಸಿದ. ಗೀರಿದವನೇ ಗಾಯಕ್ಕೆ ಅರಿಶಿನ ಹಚ್ಚಬೇಕು, ಸಂಜೆ ಎಲ್ಲರಿಗೂ ಬೆಲ್ಲ ತರಬೇಕು, ಅಲ್ಲಿಯವರೆಗೆ ಎಲ್ಲರ ಬೈಗುಳ ತಿನ್ನಬೇಕು. ಧರ್ಮರಾಜ ಹೊಟ್ಟೆತುಂಬ ತಿಂದ.

"ಆ ಟಗರು ತರ್ರಿ" ಎಂದ ಗಿರಮಲ್ಲಪ್ಪ.

ಗುರುಪಾದ ತಡವರಿಸಿದ. "ಅದು ಒದಿತೈತಿ ಮಾವಾ."

"ಒದೀಲಿ."

ಬೆನ್ನು ಸುಸೂತ್ರವಾಗಿ ಆಯಿತು. ಕುತ್ತಿಗೆಯ ಮಡಿಕೆಗೆ ಬಂದಾಗ ಟಗರು ಕೊಸರಿತು, ಕತ್ತರಿ ಒಳಗೆ ಹೋಯಿತು. ರಕ್ತ ಬಂತು. ಎಲ್ಲರೂ ನೋಡಿದರು, ಒಬ್ಬರೂ ಬೈಯಲಿಲ್ಲ. ಗುರುಪಾದ ತಾನೇ ಓಡಿ ಬಂದು ಅರಿಶಿನದ ಡಬ್ಬಿ ತೆರೆದ.

"ಏನಾಗಿಲ್ಲ ತಗೋರಿ ಮಾವಾ, ಸಣ್ಣ ಗೀರು."

ಲಕ್ವಾ ಹೊಡೆದ ದಿನವೂ ಗಿರಮಲ್ಲಪ್ಪನಿಗೆ ಇಷ್ಟು ನೋವಾಗಿರಲಿಲ್ಲ. ಕಣ್ಣು ತುಂಬಿ ಬಂತು.

"ಧರ್ಮರಾಜನ ಬೆಲ್ಲ ತಿಂತೀರಿ, ನಂದು ತಿನ್ನಾಂಗಿಲ್ಲೇನಲೇ? ನನ್ನ ಬೈಯಾಕ ಒಬ್ರಿಗೂ ಬಾಯಿಲ್ಲೇನು?"

ಗುರುಪಾದ ಅವನ ಮುಖ ನೋಡಿದ. ಡಬ್ಬಿಯನ್ನು ಮುಚ್ಚಿ ಅವನ ಎಡಗೈ ಹತ್ತಿರ ಇಟ್ಟ.

"ನೀವ ಹಚ್ರಿ ಹಂಗಾರ. ಉಣ್ಣಿ ಕತ್ತರಸಾಕ ಬಂದೀರೋ, ನನ್ನ ಟಗರಿನ ಕುತ್ಗಿ ಕೊಯ್ಯಾಕ ಬಂದೀರೋ?"

"ಅಂವಂದು ಮೊದ್ಲಿಂದ್ಲೂ ಕಟಕರ ಕೈ" ಎಂದ ಧರ್ಮರಾಜ, ತನ್ನ ಪಾಲಿನ ಬೈಗುಳ ಇಳಿಸಿಕೊಂಡ ಖುಷಿಯಲ್ಲಿ. "ಎರಡು ಸೇರು ಬೆಲ್ಲ ತರಸ್ರಿ ಇಂವನ ಕಡಿಂದ."

ಗಿರಮಲ್ಲಪ್ಪ ಎಡಗೈಯಿಂದ ಅರಿಶಿನ ಹಚ್ಚಿ, ಮತ್ತೆ ಟಗರಿನ ಕುತ್ತಿಗೆಗೆ ಬಾಗಿದ. ಅದನ್ನು ಮುಗಿಸುವಷ್ಟರಲ್ಲಿ ಊಟದ ಹೊತ್ತು ಮೀರಿ ಹೋಗಿತ್ತು. ಯಾರೂ ಸಹಾಯಕ್ಕೆ ಬರಲಿಲ್ಲ. ರೊಟ್ಟಿಯ ಗಂಟು ಬಿಚ್ಚದೆ ಸುತ್ತ ಕೂತು, ಹಸಿದ ಹೊಟ್ಟೆಯಲ್ಲಿ ಅವನನ್ನು ಬೈಯುತ್ತ ಕಾದರು.